ಬೆಂಕಿ ಇಲ್ಲದ ಅಡುಗೆಮನೆ

ಹುಳಿ ಕುದಿಯುತ್ತಿರುವಾಗಲೇ ಮನೆಯ ಕರೆಂಟು ಹೋಯಿತು. ಫ್ಯಾನು ನಿಂತಿತು. ಕರೆಂಟ್ ಒಲೆಯ ಕೆಂಪು ಸುರುಳಿ ನೋಡನೋಡುತ್ತ ಕಂದಿ ಕಪ್ಪಾಯಿತು. ಲೀಲಾವತಿ ಸೌಟು ಹಿಡಿದುಕೊಂಡೇ ಜನರೇಟರಿಗಾಗಿ ಕಾದರು. ದೆಹಲಿ ಪಕ್ಕದ ಇಂದಿರಾಪುರಂನ ಈ ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ ಊರ ಕರೆಂಟು ಹೋದರೆ ಅರ್ಧ ನಿಮಿಷದಲ್ಲಿ ಜನರೇಟರು ಶುರುವಾಗಬೇಕು. ಆಗಲಿಲ್ಲ. ಎದುರು ಮನೆಯಿಂದ ಟಿವಿಯ ಸದ್ದು ಮಾತ್ರ ಕೇಳುತ್ತಲೇ ಇತ್ತು.

ಸೊಸೆ ಹರ್ಷಿಣಿ ಬಾಗಿಲಾಚೆ ಹೋಗಿ ಮೀಟರು ನೋಡಿ ಬಂದಳು.

"ಲೈಟ್ ಹೋಗಿಲ್ಲ ಅತ್ತೆ. ನಮ್ಮ ದುಡ್ಡು ಮುಗಿದಿದೆ."

"ಮೊನ್ನೆ ತಾನೇ ಸುಹಾಸ ಹಾಕಿಸಿದ್ನಲ್ಲ?"

"ಹಾಕಿಸಿ ಹನ್ನೊಂದು ದಿನ ಆಯ್ತು. ಒಂದೂವರೆ ಸಾವಿರ ಹನ್ನೊಂದೇ ದಿನಕ್ಕೆ!"

ಮುಂಗಡ ಹಣ ಕಟ್ಟಿ ಕರೆಂಟು ಉರಿಸುವ ಮೀಟರು ಅದು. ಹಣ ಮುಗಿದರೆ ಕತ್ತಲೆ. ಹರ್ಷಿಣಿ ಪರ್ಸು ತೆಗೆದುಕೊಂಡು ಕೆಳಗೆ ಮೇಂಟೆನೆನ್ಸ್ ಆಫೀಸಿಗೆ ಹೋದಳು. ಹಣ ಕಟ್ಟಿಸಿಕೊಂಡವನನ್ನು ಅವಳು ಅವತ್ತು ಬಿಡಲಿಲ್ಲ. "ಭಯ್ಯಾ, ನಮ್ಮ ಮನೆಯಲ್ಲಿ ಏಸಿ ಇಲ್ಲ. ಇಷ್ಟು ಹೇಗೆ ಬರುತ್ತೆ?" ಎಂದು ಹಿಂದಿಯಲ್ಲಿ ಕೇಳಿದಳು. ಅವನು ಕಂಪ್ಯೂಟರು ನೋಡಿ ಹೇಳಿದ: ಊರ ಕರೆಂಟಾದರೆ ಯೂನಿಟ್ಟಿಗೆ ನಾಲ್ಕು ರೂಪಾಯಿ, ಜನರೇಟರಿನದಾದರೆ ಹನ್ನೊಂದು. ನಿಮ್ಮ ಮನೆಯಲ್ಲಿ ಜನರೇಟರು ಓಡುವಾಗಲೇ ಜಾಸ್ತಿ ಉರಿಯುತ್ತಿದೆ, ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಏಳರಿಂದ ಒಂಬತ್ತು.

"ಅದು ಅಡುಗೆ ಹೊತ್ತು," ಎಂದಳು ಹರ್ಷಿಣಿ.

"ಮೇಡಂ, ಖಾನಾ ಬಿಜ್ಲೀ ಪೇ ಬನಾತೇ ಹೈಂ?" ಅವನು ತಲೆಯೆತ್ತಿ ಅವಳನ್ನು ನೋಡಿದ. "ಈ ಹದಿನಾಲ್ಕು ಮಹಡಿಯಲ್ಲಿ ಯಾರೂ ಕರೆಂಟಿನಲ್ಲಿ ಅಡುಗೆ ಮಾಡಲ್ಲ."

ಯಾಕೆ ಎಂದು ಅವನಿಗೆ ಹೇಳುವುದು ಸಾಧ್ಯವಿರಲಿಲ್ಲ.

ಆ ಮನೆಯಲ್ಲಿ ಹದಿನಾರು ವರ್ಷಗಳಿಂದ ಬೆಂಕಿ ಹೊತ್ತಿರಲಿಲ್ಲ. ದೇವರ ಮುಂದೆ ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು. ಊದಿನಕಡ್ಡಿಯನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ನಿಲ್ಲಿಸುತ್ತಿದ್ದರು. ಏಳು ವರ್ಷದ ಅನನ್ಯಾಳ ಹುಟ್ಟುಹಬ್ಬದ ಕೇಕಿಗೆ ಮೇಣದಬತ್ತಿ ಇರುತ್ತಿರಲಿಲ್ಲ. ಹಾಲಿನ ಗೋಡೆಯ ಮೇಲೆ ಅವಳ ಸೋದರತ್ತೆ ಶ್ರೀಲಕ್ಷ್ಮಿಯ ಫೋಟೋ ಇತ್ತು. ಎರಡು ಜಡೆ, ಇಪ್ಪತ್ತು ವರ್ಷ. ಲೀಲಾವತಿ ಮಗಳನ್ನು ಲಚ್ಚಿ ಎಂದೇ ಕರೆಯುತ್ತಿದ್ದರು. ಲೀಲಾವತಿಯ ಗಂಡ ವೆಂಕಟಸುಬ್ಬಯ್ಯನವರು ಕೇಂದ್ರ ಸರ್ಕಾರದ ಆಫೀಸಿನಲ್ಲಿ ಸೆಕ್ಷನ್ ಆಫೀಸರಾಗಿದ್ದಾಗ ಅವರಿದ್ದದ್ದು ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ. ತೊಂಬತ್ತೊಂದರ ಜನವರಿಯ ಒಂದು ಬೆಳಿಗ್ಗೆ ಕಾಫಿ ಮಾಡಲೆಂದು ಅಡುಗೆಮನೆಗೆ ಹೋದ ಶ್ರೀಲಕ್ಷ್ಮಿ ಕಡ್ಡಿ ಗೀರಿದಳು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು, ಶೀತವಾಗಿ ಅವಳ ಮೂಗು ಕಟ್ಟಿತ್ತು. ಒಳಗೆ ಗ್ಯಾಸು ತುಂಬಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋದಳು. ಹಿಂದಿನ ರಾತ್ರಿ ಸಿಲಿಂಡರು ಮುಚ್ಚಬೇಕಾದವರು ಲೀಲಾವತಿ. ಮುಚ್ಚಲು ಮರೆತೆ ಎಂದು ಪೊಲೀಸರಿಗೆ ಅವರೇ ಹೇಳಿದರು, ಬಂಧುಗಳಿಗೂ ಅವರೇ ಹೇಳಿದರು. ಮದುವೆಯಾಗಿ ಬಂದ ಮೊದಲ ವಾರವೇ ಹರ್ಷಿಣಿಗೂ ಹೇಳಿದ್ದರು: "ನೋಡಮ್ಮ, ನಾನು ಮಗಳನ್ನ ಕೊಂದವಳು. ಈ ಮನೆಗೆ ಗ್ಯಾಸು ಬರೋದು ಬೇಡ."

ಆ ಮಾತಿಗೆ ಹರ್ಷಿಣಿ ಒಂಬತ್ತು ವರ್ಷ ಎದುರಾಡಿರಲಿಲ್ಲ. ಆದರೆ ಆ ವರ್ಷ ಬ್ಯಾಂಕಿನವರು ಬಡ್ಡಿ ಏರಿಸಿ ಮನೆಸಾಲದ ಕಂತು ಮೂರು ಸಾವಿರ ಜಾಸ್ತಿಯಾಗಿತ್ತು, ಅನನ್ಯಾಳ ಸ್ಕೂಲಿನ ಫೀಸೂ ಏರಿತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಒಲೆ ಒಂದಕ್ಕೇ ತಿಂಗಳಿಗೆ ಎರಡು ಸಾವಿರ ಹೋಗ್ತಿದೆ. ಒಂದು ಸಿಲಿಂಡರಿಗೆ ಮುನ್ನೂರೂ ಇಲ್ಲ."

ಸುಹಾಸ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನ ಬಲ ಮುಂಗೈ ಮೇಲೆ ನಯವಾಗಿ ಹೊಳೆಯುವ ಒಂದು ಕಲೆಯಿತ್ತು. ಅಂದು ಅಕ್ಕನಿಗೆ ಕಂಬಳಿ ಸುತ್ತಿದವನು ಅವನೇ, ಹದಿನೆಂಟು ವರ್ಷದ ಹುಡುಗ.

"ಹರ್ಷಿಣಿ, ಈಗ ಬೇಡ," ಎಂದ.

"ಮತ್ತೆ ಯಾವಾಗ? ನೀವು ನೋಯ್ಡಾದಿಂದ ಬರೋದೇ ಒಂಬತ್ತಕ್ಕೆ. ಬೆಳಿಗ್ಗೆ ಏಳಕ್ಕೆ ಹೊರಡ್ತೀರ."

"ಸಾರು ಹಾಕ್ಲಾ?" ಎಂದರು ಲೀಲಾವತಿ.

"ಅತ್ತೆ, ನಾನು ನಿಮ್ಮನ್ನ ಬೈತಿಲ್ಲ. ಒಲೆ ಹಚ್ಚೋದು, ಆರಿಸೋದು ಎಲ್ಲ ನಾನೇ ಮಾಡ್ತೀನಿ. ನೀವು ಮುಟ್ಟಲೇಬೇಡಿ."

ಲೀಲಾವತಿ ಸಾರಿನ ಪಾತ್ರೆ ಕೆಳಗಿಟ್ಟು ಎದ್ದು ಅಡುಗೆಮನೆಗೆ ಹೋದರು. ಒಳಗೆ ಅವರು ಮೂಗಿನಿಂದ ಉಸಿರೆಳೆದುಕೊಳ್ಳುವುದು ಹೊರಗೆ ಕೇಳಿಸಿತು. ಒಂದು ಸಲ, ಎರಡು ಸಲ, ಮೂಲೆಮೂಲೆಗೂ ಹೋಗಿ. ಗ್ಯಾಸೇ ಇಲ್ಲದ ಮನೆಯಲ್ಲಿ ಅವರು ದಿನಕ್ಕೆ ಎಂಟು ಹತ್ತು ಸಲ ಹಾಗೆ ಮೂಸಿ ನೋಡುತ್ತಿದ್ದರು. ಬೆಳಿಗ್ಗೆ ಅವರು ಮೂಸಿ ನೋಡಿ ಬರುವ ತನಕ ಬೇರೆ ಯಾರೂ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ.

ವೆಂಕಟಸುಬ್ಬಯ್ಯನವರು ತಣ್ಣಗೆ ಹೇಳಿದರು: "ಆ ಖರ್ಚು ನಾನು ನೋಡ್ಕೋತೀನಿ. ಒಲೆ ವಿಷಯ ಇನ್ನು ಈ ಮನೇಲಿ ಎತ್ತಬೇಡಿ."

"ಮಮ್ಮಾ," ಅನನ್ಯಾ ಅಮ್ಮನ ಸೆರಗು ಜಗ್ಗಿದಳು, "ಅಜ್ಜಿ ರೋಜ್ ಬೆಳಿಗ್ಗೆ ಕಿಚನ್‌ನಲ್ಲಿ ಯಾರ ಜೊತೆ ಮಾತಾಡ್ತಾರೆ?"

ಹರ್ಷಿಣಿ ಅವಳ ತಟ್ಟೆಗೆ ಮೊಸರು ಬಡಿಸಿದಳು.

ಮರುದಿನ ಹರ್ಷಿಣಿ ಬೇಗ ಎದ್ದು ಬಾಗಿಲ ಬಳಿ ನಿಂತು ಕೇಳಿದಳು. ಸ್ವಿಚ್ಚು ಹಾಕಿ ಸುರುಳಿ ಕೆಂಪಾಗುವ ತನಕ ಲೀಲಾವತಿ ಅದರ ಮುಂದೆ ನಿಂತು ಮೆಲುದನಿಯಲ್ಲಿ ಮಾತಾಡುತ್ತಿದ್ದರು. "ಇವತ್ತೂ ಎಲ್ಲ ನೋಡ್ದೆ ಕಣೇ ಲಚ್ಚಿ. ವಾಸನೆ ಇಲ್ಲ. ನಾನು ನಿದ್ದೆ ಮಾಡಿಲ್ಲ. ಏನೂ ಮರ್ತಿಲ್ಲ. ತಪ್ಪಾಯ್ತು, ತಪ್ಪಾಯ್ತು ಕಣೇ." ಮಧ್ಯೆ ಮಧ್ಯೆ ಯಾರೋ ಉತ್ತರ ಹೇಳುತ್ತಿರುವ ಹಾಗೆ ಸುಮ್ಮನಾಗಿ ತಲೆದೂಗುತ್ತಿದ್ದರು. ಹರ್ಷಿಣಿ ಸದ್ದಿಲ್ಲದೆ ಹಿಂದೆ ಬಂದು ಮಲಗಿದಳು.

ಆ ವಾರ ಲೀಲಾವತಿಯೇ ಒಂದು ಉಪಾಯ ಹುಡುಕಿದರು. ಮೀಟರಿನ ಮೇಲೆ ಎರಡು ಪುಟ್ಟ ದೀಪಗಳಿದ್ದವು. ಹಸಿರು ಉರಿದರೆ ಊರ ಕರೆಂಟು, ಕೆಂಪು ಉರಿದರೆ ಜನರೇಟರು.

"ಹಸಿರು ಇದ್ದಾಗ ಮಾತ್ರ ಅಡುಗೆ ಮಾಡ್ತೀನಿ," ಎಂದರು ಸೊಸೆಗೆ. "ಆಗ ನಿಂಗೂ ಸಮಾಧಾನ ತಾನೇ?"

"ನಂಗೆ ಸಮಾಧಾನ ಅಂತಲ್ಲ ಅತ್ತೆ..."

"ಇರ್ಲಿ ಬಿಡಮ್ಮ. ಮಾಡ್ತೀನಿ."

ಮೇ ತಿಂಗಳ ಬಿಸಿಲಿಗೆ ಊರ ಕರೆಂಟು ಇರುತ್ತಿದ್ದ ಹೊತ್ತೇ ಕಡಿಮೆ. ಬಂದಾಗ ಬೆಳಗಿನ ಹತ್ತೂವರೆ, ಇಲ್ಲವೇ ಮಧ್ಯಾಹ್ನ ಮೂರು. ಲೀಲಾವತಿ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ದೀಪ ನೋಡುತ್ತಿದ್ದರು. ಹಸಿರು ಕಂಡ ಕೂಡಲೇ ಓಡಿ ಬಂದು ಬೇಳೆಯನ್ನೂ ಅಕ್ಕಿಯನ್ನೂ ಒಟ್ಟಿಗೆ ಇಡುತ್ತಿದ್ದರು. ಬೇಳೆ ಅರೆಬೆಂದಾಗ ಕೆಂಪು ಬಂದರೆ ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿ ಮತ್ತೆ ಕಾಯುತ್ತಿದ್ದರು. ದೋಸೆ ಹಿಟ್ಟು ಎರಡು ಸಲ ಹುಳಿ ಬಂದು ಹಾಳಾಯಿತು. ರಾತ್ರಿ ಎಲ್ಲರೂ ಮಧ್ಯಾಹ್ನದ ತಣ್ಣನೆಯ ಅನ್ನಕ್ಕೆ ಮೊಸರು ಕಲಸಿಕೊಂಡು ಚಟ್ನಿಪುಡಿಯ ಜೊತೆ ಉಂಡರು. ಅನನ್ಯಾಳ ಡಬ್ಬಿಗೆ ವಾರವಿಡೀ ಬ್ರೆಡ್ಡು ಜಾಮು ಹೋಯಿತು.

"ಅಮ್ಮ, ಬಿಸಿ ಚಪಾತಿ ತಿಂದು ಎಷ್ಟು ದಿನ ಆಯ್ತು!" ಸುಹಾಸ ಒಂದು ರಾತ್ರಿ ತಡೆಯಲಾರದೆ ಅಂದುಬಿಟ್ಟ.

"ನಾಳೆ ಮಾಡ್ತೀನಪ್ಪ. ಹಸಿರು ಬಂದ್ರೆ."

"ಕೆಂಪಲ್ಲೇ ಮಾಡು. ಹೋದ್ರೆ ಹೋಗ್ಲಿ ನೂರು ರೂಪಾಯಿ."

"ನೂರು ರೂಪಾಯಿ ಹೋಗ್ಲಿ ಅನ್ನೋರು ನೀವು," ಎಂದಳು ಹರ್ಷಿಣಿ. "ತಿಂಗಳ ಕೊನೇಲಿ ಹಾಲಿನವನ ಮುಂದೆ ನಿಲ್ಲೋಳು ನಾನು."

"ಚಲೋ, ಶುರುವಾಯ್ತು," ಎಂದು ಸುಹಾಸ ತಟ್ಟೆ ತಳ್ಳಿ ಎದ್ದ.

ಲೀಲಾವತಿಯ ಮುಖ ದಿನದಿಂದ ದಿನಕ್ಕೆ ಒಣಗುತ್ತಿತ್ತು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ನಿಂತೇ ತಿನ್ನುತ್ತಿದ್ದರು.

ವಿಚಿತ್ರವೆಂದರೆ ಮೀಟರಿನ ಹಣ ಮಾತ್ರ ಮತ್ತೆ ಮುಗಿಯಲಿಲ್ಲ. ಹರ್ಷಿಣಿಗೆ ಕಾರಣ ತಿಳಿದದ್ದು ಮಾವನ ಶರ್ಟು ಒಗೆಯಲು ಹಾಕುವಾಗ. ಜೇಬಿನಲ್ಲಿ ಮೂರು ರಸೀದಿಗಳಿದ್ದವು. ಒಂದೇ ತಿಂಗಳಲ್ಲಿ ಮೂರು ಸಾವಿರದ ಐನೂರು. ಅವಳು ರಸೀದಿಗಳನ್ನು ಹಿಡಿದು ಬಾಲ್ಕನಿಗೆ ಹೋದಳು. ವೆಂಕಟಸುಬ್ಬಯ್ಯನವರು ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿತ್ತು.

"ಮಾವ, ಇದು ನಿಮ್ಮ ಆಪರೇಷನ್ನಿಗೆ ಅಂತ ತೆಗೆದಿಟ್ಟ ದುಡ್ಡಲ್ವಾ?"

"ಆಪರೇಷನ್ನಿಗೇನು ಅವಸರ?"

"ಡಾಕ್ಟ್ರು ಜೂನಲ್ಲಿ ಮಾಡಿಸ್ಲೇಬೇಕು ಅಂದಿದ್ದಾರೆ. ಕಣ್ಣು ಕಳ್ಕೊಂಡು ಕರೆಂಟು ಉರಿಸ್ತೀರಾ? ನೀವೊಂದು ಮಾತು ಹೇಳಿದ್ರೆ ಅತ್ತೆ ಒಪ್ಕೋತಾರೆ. ನಾಳೇನೇ ಗ್ಯಾಸು ತರಬಹುದು."

"ನಾನು ಹೇಳಲಾರೆ."

"ಯಾಕೆ ಮಾವ?"

ಅವರು ಪೇಪರು ಮಡಿಸಿದರು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು.

"ಅದು ನನ್ನ ಬಾಬ್ತು ಹರ್ಷಿಣಿ. ನಾನೇ ಕಟ್ಟಬೇಕಾದ್ದು. ಲೀಲಾಗೆ ಹೇಳಬೇಡ."

ಸಿಟ್ಟಿನಲ್ಲಿದ್ದ ಹರ್ಷಿಣಿ ಆ ಮಾತಿನ ಅರ್ಥವೇನೆಂದು ಕೇಳಲು ಹೋಗಲಿಲ್ಲ. ಹಟಮಾರಿ ಮುದುಕರು ಎಂದುಕೊಂಡು ಒಳಗೆ ಬಂದಳು.

ಜೂನ್ ಎರಡನೆಯ ವಾರ ಅನನ್ಯಾಗೆ ಜ್ವರ ಬಂತು. ಮೂರು ದಿನ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದಕ್ಕೇ ಊರ ಕರೆಂಟು ಹೋಯಿತು. ಎಂಟರ ಹೊತ್ತಿಗೆ ಜನರೇಟರೂ ಕೆಟ್ಟು ನಿಂತಿತು. ಲಿಫ್ಟಿಲ್ಲ, ಫ್ಯಾನಿಲ್ಲ, ನೀರಿಲ್ಲ. ಹತ್ತು ಗಂಟೆಗೆ ಮಗು ಕಣ್ಣು ಬಿಟ್ಟು, "ಮಮ್ಮಾ, ಭೂಖ್ ಲಗೀ ಹೈ," ಎಂದಳು. ಎರಡು ದಿನಗಳಲ್ಲಿ ಅವಳು ಊಟ ಕೇಳಿದ್ದು ಅದೇ ಮೊದಲು.

ಸುಹಾಸ ಆಫೀಸಿಗೆ ಹೋಗಿದ್ದ. ಲೀಲಾವತಿ ಎಂಟು ಮಹಡಿ ಇಳಿದು ಔಷಧಿಯಂಗಡಿಗೆ ಹೋಗಿದ್ದರು. ವೆಂಕಟಸುಬ್ಬಯ್ಯನವರು ಹಾಲಿನಲ್ಲಿ ಕೂತು ಮೊಮ್ಮಗಳಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಹರ್ಷಿಣಿ ಎದುರು ಮನೆಯ ಬಾಗಿಲು ತಟ್ಟಿದಳು. ಅವರು ಕೆಲಸಕ್ಕೆ ಹೊರಟಿದ್ದರು. ಪ್ರವಾಸಕ್ಕೆ ಒಯ್ಯುವ ತಮ್ಮ ಚಿಕ್ಕ ಗ್ಯಾಸ್ ಒಲೆಯನ್ನು ಕೊಟ್ಟು, ಸಂಜೆ ವಾಪಸು ಕೊಡಿ ಎಂದು ಹೋದರು. ಹರ್ಷಿಣಿ ಅದನ್ನು ಬಾಲ್ಕನಿಯ ಗಾಳಿಯಲ್ಲಿಟ್ಟು ಅಕ್ಕಿನುಚ್ಚಿನ ಗಂಜಿಗೆ ನೀರಿಟ್ಟಳು. ಮಗು ಹಾಸಿಗೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ಕೂತಿತು. ಮನೆಯಲ್ಲಿ ನೀಲಿ ಉರಿ ನೋಡುತ್ತಿರುವುದು ಅವಳಿಗೆ ಇದೇ ಮೊದಲು.

"ಕಿತನಾ ಸುಂದರ್ ಹೈ," ಎಂದಳು.

ವೆಂಕಟಸುಬ್ಬಯ್ಯನವರು ಗಾಳಿ ಹಾಕುವುದನ್ನು ನಿಲ್ಲಿಸಿ ಆ ಉರಿಯನ್ನೇ ನೋಡುತ್ತಿದ್ದರು. ಬೇಡ ಎನ್ನಲಿಲ್ಲ.

ಲೀಲಾವತಿ ಏದುಸಿರು ಬಿಡುತ್ತ ಮೇಲೆ ಬಂದಾಗ ಗಂಜಿ ಕುದಿಯುತ್ತಿತ್ತು. ಬಾಗಿಲಲ್ಲೇ ಅವರ ಮೂಗು ಅರಳಿತು. ಔಷಧಿಯ ಪೊಟ್ಟಣ ಕೈಯಿಂದ ಜಾರಿತು. ಬಾಲ್ಕನಿಯ ಬಾಗಿಲಲ್ಲಿ ಹುಡುಗಿಯ ಬೆನ್ನು, ಅದರಾಚೆ ಉರಿ.

"ಲಚ್ಚೀ!"

ಆ ಕೂಗು ಕೆಳಗಿನ ಮಹಡಿಯವರೆಗೂ ಕೇಳಿಸಿತೆಂದು ಆಮೇಲೆ ಜನ ಹೇಳಿದರು. ಲೀಲಾವತಿ ಓಡಿ ಹೋಗಿ ಅನನ್ಯಾಳನ್ನು ತೋಳು ಹಿಡಿದು ಎಳೆದು ಹಾಲಿನ ಒಳಕ್ಕೆ ತಳ್ಳಿದರು. ಒಲೆಗೆ ಕೈ ಹಾಕಿದರು. ಪಾತ್ರೆ ಮಗುಚಿ ಕುದಿಯುವ ಗಂಜಿ ಅವರ ಎಡಗೈ ಮೇಲೆ ಬಿತ್ತು. ಅವರಿಗೆ ಅದು ತಿಳಿದ ಹಾಗೇ ಕಾಣಲಿಲ್ಲ. ಹರ್ಷಿಣಿ ಒಲೆ ಆರಿಸಿ ಅತ್ತೆಯನ್ನು ಹಿಡಿದುಕೊಂಡಳು.

"ಅತ್ತೆ! ಆರಿಸಿದೀನಿ, ಆರಿಸಿದೀನಿ. ಕೈ ನೋಡಿ ನಿಮ್ದು!"

"ಒಬ್ಬಳನ್ನ ಸುಟ್ಟಿದ್ದು ಸಾಲದೇನೇ ನಂಗೆ? ಇವಳನ್ನೂ ಕೊಲ್ಲಿಸ್ತೀಯಾ ನನ್ನ ಕೈಲಿ?"

"ನೀವು ಯಾರನ್ನೂ ಕೊಂದಿಲ್ಲ ಅತ್ತೆ. ಮರೆವು ಅದು."

"ಮರೆವು! ನನ್ನ ಮರೆವಿಗೆ ಅವಳು ಸುಟ್ಟು ಹೋದಳು. ನಾನು ಮುಚ್ಚಿರಲಿಲ್ಲ. ನಾನು ಸಿಲಿಂಡರು ಮುಚ್ಚಿರಲಿಲ್ಲ!"

"ಮುಚ್ಚಿದ್ದೆ," ಎಂದರು ವೆಂಕಟಸುಬ್ಬಯ್ಯ.

ಅವರು ಎದ್ದು ನಿಂತಿದ್ದರು. ಬೀಸಣಿಗೆ ಇನ್ನೂ ಕೈಯಲ್ಲೇ ಇತ್ತು.

"ನೀನು ಮುಚ್ಚಿದ್ದೆ ಲೀಲಾ. ಬೆಳಿಗ್ಗೆ ತೆಗೆದವನು ನಾನು."

ಲೀಲಾವತಿ ತಿರುಗಿ ನೋಡಿದರು.

"ಅವತ್ತು ಚಂಡೀಗಢಕ್ಕೆ ಟೂರಿತ್ತು. ನಾಲ್ಕೂಕಾಲಿಗೆ ಎದ್ದೆ. ನಿಂಗೆ ಮೈ ಹುಷಾರಿರಲಿಲ್ಲ, ಎಬ್ಬಿಸೋದು ಬೇಡ ಅಂತ ನಾನೇ ಹಾಲು ಕಾಯೋಕಿಟ್ಟೆ. ಕೆಳಗೆ ಆಟೋದವನು ಹಾರ್ನ್ ಹೊಡೀತಿದ್ದ. ಕಿಟಕಿ ಹತ್ರ ಹೋಗಿ ಬರ್ತೀನಿ ಇರು ಅಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಉಳಿದದ್ದನ್ನ ಕುಡಿದು ಓಡ್ದೆ. ಉರಿ ಇಲ್ಲ ಅಂದ್ಮೇಲೆ ಆರಿಸಿದೀನಿ ಅಂತಲೇ... ಒಲೆಯ ಕಿವಿ ತಿರುಗಿಸಲಿಲ್ಲ. ಸಿಲಿಂಡರೂ ಮುಚ್ಚಲಿಲ್ಲ."

"ನೀವು ಏನೂ ಕುಡೀದೆ ಹೋದ್ರಿ ಅಂತ..."

"ಹಾಗಂತ ನೀವೆಲ್ಲ ಅಂದ್ಕೊಂಡ್ರಿ. ನಾನು ಇಲ್ಲ ಅನ್ನಲಿಲ್ಲ."

ಹಾಲಿನಲ್ಲಿ ಅನನ್ಯಾ ಅಳುತ್ತಿದ್ದಳು. ಹರ್ಷಿಣಿ ಅವಳನ್ನು ಎತ್ತಿಕೊಂಡಳು, ಆದರೆ ಅಲ್ಲಿಂದ ಕಾಲು ಕಿತ್ತಿಡಲು ಅವಳಿಂದಾಗಲಿಲ್ಲ.

"ಆಸ್ಪತ್ರೇಲಿ," ಲೀಲಾವತಿಯ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು, "ಐದನೇ ದಿನ ಅವಳಿಗೆ ಎಚ್ಚರ ಇತ್ತು. ನಾನು ತಪ್ಪಾಯ್ತು ಕಣೇ ಅಂತ ಅಳ್ತಿದ್ದೆ. ಅವಳು ಅಂದಳು, ಅಮ್ಮ, ಅಳಬೇಡ, ನಿಂದೇನೂ ತಪ್ಪಿಲ್ಲ ಅಂತ. ಆಗ ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ. ಅವಳ ಕಾಲ ಹತ್ರ."

"ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ. ಆಮೇಲೆ ಹೇಳೋಣ ಅಂದ್ಕೊಂಡೆ ಲೀಲಾ. ಅವಳು ಹುಷಾರಾಗ್ಲಿ ಅಂತ. ಅವಳು ಹೋದ್ಲು. ಹದಿಮೂರನೇ ದಿನ ಕಳೀಲಿ ಅಂತ, ವರ್ಷಾಬ್ದಿಕ ಕಳೀಲಿ ಅಂತ... ದಿನ ಕಳೆದ ಹಾಗೆ ಬಾಯಿ ತೆರೆಯೋದು ಕಷ್ಟವಾಯ್ತು."

ಲೀಲಾವತಿ ಬೊಬ್ಬೆ ಏಳುತ್ತಿದ್ದ ಎಡಗೈಯನ್ನು ಬಲಗೈಯಲ್ಲಿ ಹಿಡಿದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ರಾತ್ರಿ ಸುಹಾಸ ಬಂದಾಗ ಕರೆಂಟು ಬಂದಿತ್ತು. ಅಪ್ಪ ಸೋಫಾದ ತುದಿಯಲ್ಲಿ ಕೂತು ಮಗನಿಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಸುಹಾಸ ಅಳಲಿಲ್ಲ, ಕೂಗಲಿಲ್ಲ. ಕೇಳಿಸಿಕೊಳ್ಳುತ್ತ ಕೂತವನು ತನ್ನ ಮುಂಗೈಯ ಕಲೆಯನ್ನು ಅಂಗಿಯ ತೋಳೆಳೆದು ಮುಚ್ಚಿಕೊಂಡ. "ಪ್ರತಿ ವರ್ಷ ತಿಥಿ ದಿನ ಅಮ್ಮ ಗೋಡೆಗೆ ತಲೆ ಚಚ್ಕೋತಿದ್ಲು," ಎಂದ. "ಹಿಡ್ಕೊಳ್ಳೋಕೆ ಬರ್ತಿದ್ದೋರೇ ನೀವು." ಎದ್ದು ಹೊರಗೆ ಹೋದವನು ಬಹಳ ಹೊತ್ತು ಕೆಳಗಿನ ಪಾರ್ಕಿನಲ್ಲಿ ಒಬ್ಬನೇ ತಿರುಗಿದ.

ಲೀಲಾವತಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹರ್ಷಿಣಿ ಕೈಗೆ ಮುಲಾಮು ಹಚ್ಚಿ, ಕರೆಂಟ್ ಒಲೆಯಲ್ಲೇ ಬೇಯಿಸಿ ಊಟ ಒಯ್ದು ಕೊಟ್ಟಳು. ಹಸಿರೋ ಕೆಂಪೋ ಅವಳು ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಲೀಲಾವತಿ ಸ್ನಾನ ಮಾಡಿ ಹಾಲಿಗೆ ಬಂದರು. ಗಂಡನ ಕಡೆ ನೋಡದೆ ಮಗನಿಗೆ ಹೇಳಿದರು:

"ಮೈಸೂರಿಗೆ ಫೋನ್ ಮಾಡು. ಗಿರಿಜಮ್ಮಂಗೆ. ಸ್ಪೀಕರ್ ಹಾಕು. ನಿಮ್ಮಪ್ಪ ಮಾತಾಡ್ತಾರೆ."

ಗಿರಿಜಮ್ಮ ವೆಂಕಟಸುಬ್ಬಯ್ಯನವರ ಅಕ್ಕ. ಶ್ರೀಲಕ್ಷ್ಮಿಯ ಹದಿಮೂರನೆಯ ದಿನ, ತುಂಬಿದ ಬಂಧುಗಳ ಮುಂದೆ, ಹೆತ್ತವಳೇ ಮಗಳಿಗೆ ಚಿತೆ ಹೊತ್ತಿಸಿದಳು ಎಂದು ಹೇಳಿದ್ದವರು.

ಸುಹಾಸ ನಂಬರು ಒತ್ತಿದ. ವೆಂಕಟಸುಬ್ಬಯ್ಯನವರು ಫೋನಿನ ಮುಂದೆ ಕೈಕಟ್ಟಿ ನಿಂತರು. "ಅಕ್ಕ, ನಾನು ಸುಬ್ಬು," ಎಂದು ಶುರು ಮಾಡಿದರು. ಹಾಲು, ಆಟೋ, ಹಾರ್ನು, ಒಲೆಯ ಕಿವಿ. ಒಂದನ್ನೂ ಬಿಡಲಿಲ್ಲ.

"ಈಗ ಯಾಕೋ ಇದೆಲ್ಲ?" ಗಿರಿಜಮ್ಮನ ದನಿ ಬಂತು. "ಹಳೇ ಕಥೆ. ಬಿಟ್ಟುಬಿಡು. ವಯಸ್ಸಾಯ್ತು, ಬಿಪಿ ಜಾಸ್ತಿ ಮಾಡ್ಕೋಬೇಡ."

ಲೀಲಾವತಿ ಮುಂದೆ ಬಗ್ಗಿದರು.

"ಅತ್ತಿಗೆ, ತಪ್ಪು ನಂದಾಗಿದ್ದಾಗ ಇದು ಹಳೇ ಕಥೆ ಆಗಿರಲಿಲ್ಲ. ಹೋದ ವರ್ಷದ ಮದುವೆ ಮನೇಲೂ ಎತ್ತಿ ಆಡಿದ್ರಿ. ಇವರದು ಅಂದ ಕೂಡ್ಲೇ ಹಳೇದಾಯ್ತಾ?"

ಆ ಕಡೆ ಫೋನಿಟ್ಟ ಸದ್ದು ಕೇಳಿಸಿತು.

ಹಾಗೆ ಆ ವಾರ ಆರು ಫೋನುಗಳಾದವು. ಲೀಲಾವತಿಯ ತಮ್ಮ, ಕ್ವಾರ್ಟರ್ಸಿನ ಹಳೆಯ ನೆರೆಯವರಾದ ವಿಜಯಮ್ಮ, ಯಾರ್ಯಾರ ಮುಂದೆ ಅವರು ತಪ್ಪು ನನ್ನದು ಎಂದು ಅತ್ತಿದ್ದರೋ ಅವರಿಗೆಲ್ಲ. ಪ್ರತಿ ಸಲವೂ ವೆಂಕಟಸುಬ್ಬಯ್ಯನವರು ನಿಂತೇ ಹೇಳಿದರು. ವಿಜಯಮ್ಮ ಮಾತ್ರ ಫೋನಿನಲ್ಲೇ ಗೊಳೋ ಎಂದು ಅತ್ತರು.

ಆರನೆಯ ಫೋನಾದ ಮಧ್ಯಾಹ್ನ ಲೀಲಾವತಿ ಹರ್ಷಿಣಿಯನ್ನು ಕರೆದರು.

"ಗ್ಯಾಸಿಗೆ ಅರ್ಜಿ ಕೊಡೋಕೆ ಏನೇನು ಬೇಕು?"

"ಅತ್ತೆ, ಅವಸರ ಇಲ್ಲ..."

"ನನ್ನ ಹೆಸರಲ್ಲೇ ಇರ್ಲಿ."

ಇಬ್ಬರೂ ಆಟೋದಲ್ಲಿ ಏಜೆನ್ಸಿಗೆ ಹೋಗಿ ಬಂದರು. ಹದಿನೈದು ದಿನಕ್ಕೆ ಸಿಲಿಂಡರು ಬಂತು. ಹರ್ಷಿಣಿ ಹೊಸ ಒಲೆ ಹಚ್ಚಿದಾಗ ಲೀಲಾವತಿ ಗೋಡೆ ಹಿಡಿದು ನಿಂತಿದ್ದರು. ಆದರೂ ಹೊರಗೆ ಹೋಗಲಿಲ್ಲ. ಹಾಲು ಉಕ್ಕಿದಾಗ ಕಣ್ಣು ಮುಚ್ಚಿಕೊಂಡರು.

ಜುಲೈಯಲ್ಲಿ ಎಲ್ಲರೂ ಬಿಸಿ ಬಿಸಿ ಉಂಡರು. ಕರೆಂಟಿನ ಖರ್ಚು ಅರ್ಧಕ್ಕಿಳಿಯಿತು. ಹರ್ಷಿಣಿ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಬೆಳಗಿನ ಹೊತ್ತು ಅಡುಗೆಮನೆ ಈಗ ನಿಶ್ಶಬ್ದವಾಗಿರುತ್ತಿತ್ತು. ಆ ನಿಶ್ಶಬ್ದ ಅವಳನ್ನು ಹಿಂದಿನ ಮಾತಿಗಿಂತ ಹೆಚ್ಚು ಹೆದರಿಸಿತು.

"ಅತ್ತೆ, ಈಗ ಮನಸ್ಸಿಗೆ ಸ್ವಲ್ಪ ಹಗುರ ಆಗಿದೆಯಾ?" ಎಂದು ಒಂದು ದಿನ ಬೀನ್ಸು ಹೆಚ್ಚುತ್ತ ಕೇಳಿದಳು.

ಲೀಲಾವತಿ ಒಂದು ಬೀನ್ಸಿನ ನಾರು ಎಳೆದು ತೆಗೆದರು.

"ದಿನಾ ಬೆಳಿಗ್ಗೆ ಅವಳು ಬರ್ತಿದ್ಲು ಕಣೇ. ಬಾಗಿಲ ಹತ್ರ ನಿಲ್ತಿದ್ಲು. ನಾನು ತಪ್ಪಾಯ್ತು ಅಂತಿದ್ದೆ, ಅವಳು ಇಲ್ಲಮ್ಮ ಅಂತಿದ್ಲು. ಹದಿನಾರು ವರ್ಷ ನಮ್ಮಿಬ್ಬರ ಮಧ್ಯೆ ಇದ್ದದ್ದು ಅದೊಂದೇ ಮಾತು. ಈಗ ಹೋಗಿ ನಿಂತರೆ ಏನು ಹೇಳ್ಬೇಕೋ ಗೊತ್ತಾಗಲ್ಲ. ಅವಳೂ ಬರ್ತಿಲ್ಲ."

ಹರ್ಷಿಣಿ ಚಾಕು ಕೆಳಗಿಟ್ಟಳು.

"ಇವರು ನನ್ನ ಹತ್ರ ಇದ್ದ ಅವಳನ್ನೂ ಕಿತ್ಕೊಂಡ್ರು," ಎಂದರು ಲೀಲಾವತಿ.

ಗಂಡನ ಜೊತೆ ಅವರು ಮಾತಾಡುತ್ತಿರಲಿಲ್ಲ. ಕರೆಂಟ್ ಒಲೆಯನ್ನು ಹಳೇ ಸಾಮಾನಿನವನಿಗೆ ಕೊಡಲೇ ಎಂದು ಹರ್ಷಿಣಿ ಕೇಳಿದ್ದಕ್ಕೆ, "ಬೇಡ. ಅದು ಅವರಿಗಿರ್ಲಿ. ಅವರ ಅನ್ನ ಅವರೇ ಮಾಡ್ಕೊಳ್ಳಿ," ಎಂದಿದ್ದರು. ಸುಹಾಸ, "ಅಮ್ಮ, ಈ ವಯಸ್ಸಿನಲ್ಲಿ ಅಪ್ಪ..." ಎಂದು ಶುರು ಮಾಡಿ, ತಾಯಿಯ ಮುಖ ನೋಡಿ ನಿಲ್ಲಿಸಿದ್ದ. ವೆಂಕಟಸುಬ್ಬಯ್ಯನವರು ಎದುರಾಡಲಿಲ್ಲ. ಒಲೆಯನ್ನು ಬಾಲ್ಕನಿಯ ಪಕ್ಕದ ಪುಟ್ಟ ಜಾಗದಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಹತ್ತಿರ ಇಟ್ಟುಕೊಂಡು ದಿನವೂ ಹನ್ನೆರಡಕ್ಕೆ ಒಂದು ಪಾವು ಅಕ್ಕಿ ಇಡುತ್ತಿದ್ದರು. ಆಪರೇಷನ್ನು ಇನ್ನೂ ಆಗಿರಲಿಲ್ಲ, ಕಣ್ಣು ಸರಿಯಾಗಿ ಕಾಣದು. ಒಂದು ದಿನ ಅನ್ನ ಗಂಜಿಯಾಗುತ್ತಿತ್ತು, ಇನ್ನೊಂದು ದಿನ ತಳ ಹಿಡಿಯುತ್ತಿತ್ತು. ಅದನ್ನೇ ಮಜ್ಜಿಗೆಯಲ್ಲಿ ಕಲಸಿ ಉಣ್ಣುತ್ತಿದ್ದರು. ಹರ್ಷಿಣಿ ಒಂದೆರಡು ಸಲ ಹುಳಿಯ ಬಟ್ಟಲು ಒಯ್ದಳು. ಬೇಡಮ್ಮ ಎಂದು ವಾಪಸು ಕಳಿಸಿದರು.

ಆಗಸ್ಟಿನ ಒಂದು ಮಧ್ಯಾಹ್ನ ಅವರು ಅಕ್ಕಿ ತೊಳೆದು ಪಾತ್ರೆಗೆ ಹಾಕಿ, ನೀರಿನ ಚೊಂಬು ಹಿಡಿದು, ಎಷ್ಟು ಹಾಕಬೇಕೆಂದು ತಿಳಿಯದೆ ನಿಂತಿದ್ದರು. ಒಗೆದ ಬಟ್ಟೆ ಹರವಲು ಬಂದ ಲೀಲಾವತಿ ಬಕೆಟ್ಟು ಕೆಳಗಿಟ್ಟರು.

"ಹಳೇ ಅಕ್ಕಿ ಅದು," ಎಂದರು. "ಒಂದಕ್ಕೆ ಎರಡೂವರೆ."

ಐವತ್ತು ದಿನಗಳಲ್ಲಿ ಗಂಡನಿಗೆ ಅವರು ಆಡಿದ ಮೊದಲ ಮಾತು.

ವೆಂಕಟಸುಬ್ಬಯ್ಯನವರು ಲೋಟದಿಂದ ಅಳೆದು ಎರಡೂವರೆ ಹಾಕಿದರು. ಸ್ವಿಚ್ಚು ಒತ್ತಿದರು. ಲೀಲಾವತಿ ಒಂದೊಂದೇ ಬಟ್ಟೆ ಕೊಡವಿ ಹಗ್ಗದ ಮೇಲೆ ಹರವಿದರು. ಬಕೆಟ್ಟು ಖಾಲಿಯಾದ ಮೇಲೂ ಒಳಗೆ ಹೋಗಲಿಲ್ಲ. ಕಟಾಂಜನಕ್ಕೆ ಒರಗಿ, ಅವರ ಕಡೆ ಬೆನ್ನು ಮಾಡಿ ನಿಂತರು. ನೀರು ಕುದಿಯಿತು, ಇಂಗಿತು. ಅನ್ನದ ಹಬೆ ಇಬ್ಬರ ನಡುವೆ ಹರಡಿತು.

"ಲೀಲಾ," ಎಂದರು ಅವರು. "ಒಂದು ತುತ್ತು..."

"ಆರಿಸಿ," ಎಂದರು ಲೀಲಾವತಿ, ತಿರುಗದೆ.

ಅವರು ಸ್ವಿಚ್ಚು ಆರಿಸಿದರು. ಆ ಟಕ್ ಎಂಬ ಸದ್ದು ಕೇಳಿದ ಮೇಲೆ ಲೀಲಾವತಿ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.